ಟ್ರೆನ್ ಕಾಫ್: ಸೂಜಿ ತೆಗೆಯುವ ಮೊದಲೇ ಬರುವ ಕೆಮ್ಮು

ಸೂಜಿ ಇನ್ನೂ ಮಾಂಸದೊಳಗೇ ಇರುತ್ತದೆ. ಗಂಟಲ ಬುಡದಲ್ಲಿ ಏನೋ ಕೆರೆದ ಹಾಗಾಗುತ್ತದೆ. ನಾಲಿಗೆಗೆ ಕಬ್ಬಿಣ ನೆಕ್ಕಿದಂಥ ರುಚಿ ಬರುತ್ತದೆ. ಆಮೇಲೆ ಕೆಮ್ಮು ಶುರು. ಕಫ ಇಲ್ಲದ ಒಣ ಕೆಮ್ಮು, ಒಂದರ ಹಿಂದೆ ಒಂದು, ಉಸಿರು ತೆಗೆದುಕೊಳ್ಳಲೂ ಬಿಡುವು ಕೊಡದ ಹಾಗೆ. ಕಣ್ಣಲ್ಲಿ ನೀರು, ಮುಖ ಕೆಂಪು, ಎದೆ ಬಿಗಿ. ಕೆಲವರು ಗೋಡೆ ಹಿಡಿದು ಕುಸಿದು ಕೂತುಬಿಡುತ್ತಾರೆ. ಐದಾರು ನಿಮಿಷ ಕಳೆದರೆ ಏನೂ ಆಗಿಲ್ಲವೇನೋ ಅನ್ನುವಂತೆ ನಿಂತುಹೋಗುತ್ತದೆ. ಮೈ ಬೆಳೆಸಲು ಸ್ಟೀರಾಯ್ಡ್ ಚುಚ್ಚಿಕೊಳ್ಳುವವರು ಇದಕ್ಕೆ ಇಟ್ಟುಕೊಂಡ ಹೆಸರು ಟ್ರೆನ್ ಕಾಫ್.

ಕಾಫ್ ಅಂದರೆ ಕೆಮ್ಮು, ಅದು ಗೊತ್ತೇ ಇದೆ. ಟ್ರೆನ್ ಅಂದರೆ ಟ್ರೆನ್‌ಬೋಲೋನ್. ಇದು ದನಗಳಿಗೆ ಕೊಡುವ ಒಂದು ಸ್ಟೀರಾಯ್ಡ್ ಔಷಧ. ಅಮೆರಿಕದಲ್ಲಿ ಮಾಂಸಕ್ಕೆ ಸಾಕುವ ದನಗಳ ಕಿವಿಯ ಚರ್ಮದಡಿ ಇದರ ಗುಳಿಗೆ ಇಡುತ್ತಾರೆ, ಬೇಗ ಮೈ ತುಂಬಿಕೊಳ್ಳಲಿ ಅಂತ. ಅಲ್ಲಿ ಇದಕ್ಕೆ 1987ರಲ್ಲಿ ಒಪ್ಪಿಗೆ ಸಿಕ್ಕಿತು. ಯುರೋಪಿನ ಒಕ್ಕೂಟದಲ್ಲಿ ದನಗಳಿಗೂ ಕೊಡುವಂತಿಲ್ಲ. ಮನುಷ್ಯರಿಗೆಂದು ಫ್ರಾನ್ಸಿನಲ್ಲಿ ಇದರ ಒಂದು ರೂಪ ಮಾರಾಟದಲ್ಲಿತ್ತು, 1997ರಲ್ಲಿ ಅದೂ ನಿಂತಿತು. ಅಂದರೆ ಈಗ ಜಿಮ್ಮಿನ ಹುಡುಗನ ಕೈಗೆ ಬರುವ ಟ್ರೆನ್ ಬಾಟಲಿ ಕಳ್ಳ ಸಂತೆಯದ್ದೇ. ಒಳಗೆ ಏನಿದೆ, ಎಷ್ಟಿದೆ ಅಂತ ಲೇಬಲ್ ನೋಡಿ ನಂಬುವ ಹಾಗಿಲ್ಲ.

ಹೆಸರು ಟ್ರೆನ್‌ನದ್ದಾದರೂ ಕೆಮ್ಮು ಅದೊಂದಕ್ಕೇ ಸೇರಿದ್ದಲ್ಲ. ಎಣ್ಣೆಯಲ್ಲಿ ಕರಗಿಸಿ ಕೊಡುವ ಯಾವ ಚುಚ್ಚುಮದ್ದಿಗೂ ಬರಬಹುದು. ವೈದ್ಯರು ಇದನ್ನು ಪಲ್ಮನರಿ ಆಯಿಲ್ ಮೈಕ್ರೋಎಂಬಾಲಿಸಂ ಅನ್ನುತ್ತಾರೆ, ಚಿಕ್ಕದಾಗಿ ಪೋಮ್. ಎಂಬೋಲಸ್ ಅನ್ನುವುದು ಗ್ರೀಕ್ ಮೂಲದ ಮಾತು, ತುರುಕಿದ ಬಿರಡೆ ಅನ್ನುವ ಅರ್ಥ. ರಕ್ತದ ಜೊತೆ ಹರಿದು ಹೋಗಿ ಎಲ್ಲೋ ಸಿಕ್ಕಿಕೊಂಡು ದಾರಿ ಮುಚ್ಚುವ ವಸ್ತುವಿಗೆ 19ನೇ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಕೋ ಈ ಹೆಸರು ಬಳಸಿದರು. ಪೋಮ್‌ನಲ್ಲಿ ಬಿರಡೆ ಆಗುವುದು ಎಣ್ಣೆಯ ಹನಿ. ಸಿಕ್ಕಿಕೊಳ್ಳುವ ಜಾಗ ಶ್ವಾಸಕೋಶ.

ಸ್ಟೀರಾಯ್ಡಿಗೆ ಎಣ್ಣೆ ಯಾಕೆ? ಈ ಹಾರ್ಮೋನುಗಳು ನೀರಿನಲ್ಲಿ ಕರಗುವುದಿಲ್ಲ. ಎಣ್ಣೆಯಲ್ಲಿ ಕರಗಿಸಿ ಸ್ನಾಯುವಿಗೆ ಕೊಟ್ಟರೆ ಅಲ್ಲೇ ಒಂದು ಸಣ್ಣ ಮಡುವಿನಂತೆ ನಿಂತು ದಿನಗಟ್ಟಲೆ ಸ್ವಲ್ಪ ಸ್ವಲ್ಪವೇ ರಕ್ತಕ್ಕೆ ಇಳಿಯುತ್ತವೆ. ಎಳ್ಳೆಣ್ಣೆ, ಹತ್ತಿಬೀಜದ ಎಣ್ಣೆ, ಹರಳೆಣ್ಣೆ, ಕಡಲೆಕಾಯಿ ಎಣ್ಣೆ ಎಲ್ಲ ಬಳಕೆಯಲ್ಲಿವೆ. ತೊಂದರೆ ಬರುವುದು ಎಣ್ಣೆ ಸ್ನಾಯುವಿನಲ್ಲಿ ನಿಲ್ಲದೆ ಅಲ್ಲಿ ಹರಿದುಹೋಗುವ ರಕ್ತನಾಳಕ್ಕೆ ನುಗ್ಗಿದಾಗ. ಸೂಜಿಯ ತುದಿ ನಾಳದೊಳಗೆ ಹೋಗಿರಬಹುದು, ಅಥವಾ ಸೂಜಿ ಹರಿದ ನಾಳದ ಬಾಯಿಗೆ ಎಣ್ಣೆ ಸೇರಿರಬಹುದು. ಅಲ್ಲಿಂದ ಹೃದಯದ ಬಲಭಾಗ, ಅಲ್ಲಿಂದ ನೇರ ಶ್ವಾಸಕೋಶ. ಅಲ್ಲಿನ ಅತಿ ಸಣ್ಣ ರಕ್ತನಾಳಗಳ ಅಗಲ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ರಕ್ತಕಣಗಳೇ ಸಾಲಾಗಿ ಒಂದೊಂದೇ ನುಸುಳಬೇಕು. ಎಣ್ಣೆ ಹನಿ ಅಲ್ಲಿ ಹೇಗೆ ದಾಟೀತು? ಕಾಫಿ ಫಿಲ್ಟರಿನ ತೂತಿಗೆ ಜಿಡ್ಡು ಕಟ್ಟಿಕೊಂಡ ಹಾಗಾಗುತ್ತದೆ.

ರಕ್ತನಾಳ ಕಟ್ಟಿದರೆ ಕೆಮ್ಮು ಯಾಕೆ ಬರಬೇಕು? ಗಾಳಿಯ ದಾರಿಯಲ್ಲಿ ಏನೂ ಸಿಕ್ಕಿಕೊಂಡಿಲ್ಲವಲ್ಲ. ಇಲ್ಲಿ ನಮ್ಮ ದೇಶದ ಒಬ್ಬ ವಿಜ್ಞಾನಿಯನ್ನು ನೆನೆಯಲೇಬೇಕು. ದೆಹಲಿಯ ವಲ್ಲಭಭಾಯ್ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟಿನಲ್ಲಿ ಕೆಲಸ ಮಾಡಿದ ಅವತಾರ್ ಸಿಂಗ್ ಪೇಂಟಲ್, ಶ್ವಾಸಕೋಶದ ಸಣ್ಣ ರಕ್ತನಾಳಗಳ ಪಕ್ಕದಲ್ಲೇ ಇರುವ ನರತುದಿಗಳನ್ನು 1955ರಲ್ಲಿ ವಿವರಿಸಿದರು. ಆಮೇಲೆ ಅವುಗಳಿಗೆ ಜೆ ರಿಸೆಪ್ಟರ್ ಅನ್ನುವ ಹೆಸರು ಬಂತು. ಜೆ ಅಂದರೆ ಜಕ್ಸ್‌ಟಾ, ಪಕ್ಕದ್ದು ಅಂತ. ರಕ್ತನಾಳದಲ್ಲಿ ಒತ್ತಡ ಏರಿದರೆ, ಏನಾದರೂ ಸಿಕ್ಕಿಕೊಂಡರೆ ಇವು ಕೆರಳುತ್ತವೆ. ಆಗ ಉಸಿರು ಮೇಲುಮೇಲಕ್ಕೆ ಓಡುತ್ತದೆ, ಗಂಟಲಲ್ಲಿ ಕೆರೆತ ಬರುತ್ತದೆ, ಒಣ ಕೆಮ್ಮು ಹತ್ತುತ್ತದೆ. ಸ್ನಾಯುಗಳ ಬಲವನ್ನೂ ಇವು ತಡೆಹಿಡಿಯುತ್ತವೆ ಅನ್ನುವುದು ಪೇಂಟಲ್ ಅವರ ವಾದವಾಗಿತ್ತು. ಕೆಮ್ಮಿನ ಜೊತೆಗೇ ಕಾಲು ಸೋತು ಕುಸಿದು ಕೂರುವುದರಲ್ಲಿ ಇವುಗಳ ಪಾಲೂ ಇರಬಹುದು.

ಇದು ಕಳ್ಳ ಮಾಲಿಗಷ್ಟೇ ಬರುವ ಕಾಟ ಅಂದುಕೊಳ್ಳಬೇಡಿ. ಹಾರ್ಮೋನ್ ಕೊರತೆ ಇರುವ ಗಂಡಸರಿಗೆ ವೈದ್ಯರೇ ಕೊಡುವ ಟೆಸ್ಟೋಸ್ಟೆರೋನ್ ಅನ್‌ಡೆಕನೋಯೇಟ್ ಅನ್ನುವ ಔಷಧ ಹರಳೆಣ್ಣೆಯಲ್ಲಿರುತ್ತದೆ. ಅಮೆರಿಕದಲ್ಲಿ 2014ರಲ್ಲಿ ಒಪ್ಪಿಗೆ ಕೊಟ್ಟಾಗ ಲೇಬಲ್ ಮೇಲೆ ಚೌಕಟ್ಟು ಹಾಕಿ ಪೋಮ್ ಬಗ್ಗೆ ಎಚ್ಚರಿಕೆ ಬರೆಸಿದರು. ಚುಚ್ಚಿದ ಮೇಲೆ 30 ನಿಮಿಷ ರೋಗಿ ಅಲ್ಲೇ ಕೂರಬೇಕು, ಆಸ್ಪತ್ರೆಯವರು ನೋಡಿಕೊಳ್ಳುತ್ತಿರಬೇಕು. ತರಬೇತಿ ಪಡೆದ ಕೈ, ಶುದ್ಧ ಔಷಧ, ಪಕ್ಕದಲ್ಲೇ ಆಕ್ಸಿಜನ್, ಇಷ್ಟಿದ್ದೂ ಅರ್ಧ ಗಂಟೆ ಕಾವಲು. ಪಿಜಿ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಒಬ್ಬನೇ ಚುಚ್ಚಿಕೊಳ್ಳುವ ಹುಡುಗನಿಗೆ ಯಾರಿದ್ದಾರೆ? ನನಗೆ ಈ ವಿಷಯದಲ್ಲಿ ಹೊಟ್ಟೆ ಉರಿಯುವುದು ಇಲ್ಲೇ.

ಕೆಲವೊಮ್ಮೆ ಕೆಮ್ಮಿನ ಹಿಂದೆ ಅಲರ್ಜಿ ಇರುತ್ತದೆ. ಕಡಲೆಕಾಯಿ ಆಗದವರಿಗೆ ಕಡಲೆಕಾಯಿ ಎಣ್ಣೆಯ ಚುಚ್ಚುಮದ್ದು ಅಪಾಯ. ಮೈಮೇಲೆ ದದ್ದು, ತುಟಿ ಊತ, ಗಂಟಲು ಕಟ್ಟುವುದು, ಕಣ್ಣು ಕತ್ತಲಾಗುವುದು, ಇವು ಕಂಡರೆ ಕಾಯುತ್ತ ಕೂರಬಾರದು. 108ಕ್ಕೆ ಫೋನ್ ಮಾಡಬೇಕು.

ಇನ್ನು ಸ್ಟೀರಾಯ್ಡ್ ಚುಚ್ಚಿಕೊಳ್ಳುವವರನ್ನು ದಿನಗಟ್ಟಲೆ ಕಾಡುವ ಸುಸ್ತು, ಕೆಮ್ಮಿನ ಮಾತು. ಟ್ರೆನ್ ಕಾಫ್ ನಿಮಿಷಗಳಲ್ಲಿ, ಅಪರೂಪಕ್ಕೆ ಕೆಲವು ಗಂಟೆಗಳಲ್ಲಿ ಮುಗಿಯುವಂಥದ್ದು. ದಿನವಿಡೀ ಎಳೆಯುವ ಸುಸ್ತು, ವಾರಗಟ್ಟಲೆ ಬಿಡದ ಕೆಮ್ಮು ಆ ಹೆಸರಿನೊಳಗೆ ಬರುವುದೇ ಇಲ್ಲ. ಆದರೆ ಜಿಮ್ಮಿನಲ್ಲಿ "ಅಯ್ಯೋ ಅದು ಸುಮ್ನೆ ಟ್ರೆನ್ ಕಾಫ್ ಕಣೋ" ಅಂದುಬಿಟ್ಟರೆ ಎಲ್ಲ ಅದರೊಳಗೇ ಮುಚ್ಚಿಹೋಗುತ್ತದೆ.

ಮೊದಲು ರಕ್ತ ನೋಡಬೇಕು. ಟೆಸ್ಟೋಸ್ಟೆರೋನ್ ಜಾತಿಯ ಹಾರ್ಮೋನುಗಳು ಕೆಂಪು ರಕ್ತಕಣಗಳನ್ನು ಜಾಸ್ತಿ ಮಾಡುತ್ತವೆ. ರಕ್ತದಲ್ಲಿ ಕಣಗಳ ಪಾಲು ಎಷ್ಟು ಅನ್ನುವ ಲೆಕ್ಕವನ್ನು ಹಿಮಟೊಕ್ರಿಟ್ ಅನ್ನುತ್ತಾರೆ. ಗಂಡಸರಲ್ಲಿ ಅದು ಹೆಚ್ಚುಕಡಿಮೆ 40ರಿಂದ 50 ಶೇಕಡಾ. 54 ದಾಟಿದರೆ ವೈದ್ಯರು ಹಾರ್ಮೋನ್ ಚಿಕಿತ್ಸೆ ನಿಲ್ಲಿಸುತ್ತಾರೆ. ತಿಳಿಸಾರಿನಂತೆ ಹರಿಯಬೇಕಾದ ರಕ್ತ ಗೊಜ್ಜಿನಂತೆ ಆದರೆ ತಲೆಭಾರ, ಸುಸ್ತು, ಮುಖ ಕೆಂಪೇರುವುದು. ಕಾಲಿನ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಕೂತರೆ ಅದು ಬೇರೆಯೇ ಎಂಬಾಲಿಸಂ. ಅಲ್ಲಿ ಕಟ್ಟಿಕೊಳ್ಳುವುದು ರಕ್ತದ ಗಡ್ಡೆ, ಪ್ರಾಣ ಹೋಗಬಹುದು. ಒಂದೇ ಕಾಲು ಊದಿಕೊಳ್ಳುವುದು, ಉಸಿರೆಳೆದಾಗ ಎದೆಯಲ್ಲಿ ಚುಚ್ಚಿದಂತಾಗುವುದು, ಕೆಮ್ಮಿದಾಗ ರಕ್ತ ಬರುವುದು ಅದರ ಗುರುತು.

ಆಮೇಲೆ ಹೃದಯ. 2017ರಲ್ಲಿ ಅಮೆರಿಕದ ಒಂದು ಅಧ್ಯಯನ ಪ್ರಕಟವಾಯಿತು. ಭಾರ ಎತ್ತುವ 140 ಗಂಡಸರನ್ನು ನೋಡಿದರು, ಅವರಲ್ಲಿ 86 ಜನ ಸ್ಟೀರಾಯ್ಡ್ ಬಳಸಿದವರು. ಹೃದಯ ಪ್ರತಿ ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ಎಷ್ಟು ಪಾಲು ಹೊರಗೆ ತಳ್ಳುತ್ತದೆ ಅಂತ ಅಳೆದರು. ಬಳಸದವರಲ್ಲಿ ಸರಾಸರಿ 63 ಶೇಕಡಾ, ಬಳಸಿದವರಲ್ಲಿ 52. ತೋಳು ದಪ್ಪವಾಗುತ್ತಿರುವಾಗಲೇ ಹೃದಯದ ಸ್ನಾಯು ಸೋಲುತ್ತಿರುತ್ತದೆ. ಹೃದಯ ಸೋತಾಗ ಬರುವ ಕೆಮ್ಮಿಗೆ ಒಂದು ಲಕ್ಷಣ ಇದೆ. ಅಂಗಾತ ಮಲಗಿದರೆ ಜಾಸ್ತಿ, ಎದ್ದು ಕೂತರೆ ಕಡಿಮೆ. ರಾತ್ರಿ ಎರಡು ದಿಂಬು ಇಟ್ಟುಕೊಳ್ಳಲು ಶುರು ಮಾಡಿದ್ದೀರಾ? ಮೊದಲು ಸಲೀಸಾಗಿ ಹತ್ತುತ್ತಿದ್ದ ಮೆಟ್ಟಿಲಿಗೆ ಈಗ ಏದುಸಿರು ಬರುತ್ತಿದೆಯಾ? ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿಸಬೇಕು.

ಬಿಪಿ ಮಾತ್ರೆಯೂ ಕೆಮ್ಮು ತರಬಹುದು. ಸ್ಟೀರಾಯ್ಡಿನಿಂದ ಬಿಪಿ ಏರಿತು ಅಂತ ಎನಾಲಾಪ್ರಿಲ್, ರಾಮಿಪ್ರಿಲ್ ಶುರು ಮಾಡಿದವರಲ್ಲಿ ಕೆಲವರಿಗೆ ಒಣ ಕೆಮ್ಮು ಹಿಡಿಯುತ್ತದೆ. ಇದು ಆ ಮಾತ್ರೆಗಳ ಗೊತ್ತಿರುವ ಅಡ್ಡಪರಿಣಾಮ, ವೈದ್ಯರು ಬೇರೆ ಮಾತ್ರೆ ಕೊಡುತ್ತಾರೆ. ಕೊಳಕು ಬಾಟಲಿಯಿಂದ ಸೋಂಕು ತಗುಲಿದ್ದರೆ ಚುಚ್ಚಿದ ಜಾಗ ಬಿಸಿಯಾಗಿ ಊದಿಕೊಳ್ಳುತ್ತದೆ, ಜ್ವರ ಬರುತ್ತದೆ. ಇನ್ನೊಂದು ಮಾತು, ನಮ್ಮಲ್ಲಿ ಮರೆಯಲೇಬಾರದ್ದು: ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇದ್ದರೆ ಕ್ಷಯದ ಪರೀಕ್ಷೆ ಆಗಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆಗೆ ದುಡ್ಡಿಲ್ಲ. ತೋಳಿನ ಸುತ್ತಳತೆ ಎಷ್ಟಿದ್ದರೂ ಕ್ಷಯ ಬರುತ್ತದೆ.

ಚುಚ್ಚುವುದನ್ನು ನಿಲ್ಲಿಸಿದ ಮೇಲೂ ಸುಸ್ತು ಇರುತ್ತದೆ. ಹೊರಗಿನಿಂದ ಹಾರ್ಮೋನ್ ಬರುತ್ತಿದ್ದಷ್ಟು ದಿನ ವೃಷಣಗಳು ತಮ್ಮ ಕೆಲಸ ಬಿಟ್ಟಿರುತ್ತವೆ. ಮತ್ತೆ ಶುರುವಾಗಲು ತಿಂಗಳುಗಳು ಬೇಕು. ಆ ನಡುವೆ ನಿದ್ದೆ ಇಲ್ಲ, ಆಸೆ ಇಲ್ಲ, ಮನಸ್ಸು ಮಂಕು. ಆ ಮಂಕು ತಡೆಯಲಾರದೆ ಮತ್ತೆ ಸೂಜಿಗೆ ಹೋಗುವವರೂ ಇದ್ದಾರೆ. ಇದಕ್ಕೂ ಚಿಕಿತ್ಸೆ ಇದೆ, ಎಂಡೋಕ್ರೈನಾಲಜಿಸ್ಟ್, ಅಂದರೆ ಹಾರ್ಮೋನ್ ವೈದ್ಯರ ಹತ್ತಿರ ಹೋಗಬೇಕು.

ಇಲ್ಲೇ ಒಂದು ಗೊಂದಲ ತಪ್ಪಿಸಬೇಕು. ಉಬ್ಬಸಕ್ಕೆ ಇನ್‌ಹೇಲರಿನಲ್ಲಿ ಕೊಡುವ ಸ್ಟೀರಾಯ್ಡ್ ಬೇರೆ ಜಾತಿಯದ್ದು, ಕಾರ್ಟಿಕೋಸ್ಟೀರಾಯ್ಡ್. ಅದಕ್ಕೂ ಸ್ನಾಯು ಬೆಳೆಸುವ ಅನಾಬಾಲಿಕ್ ಸ್ಟೀರಾಯ್ಡಿಗೂ ಈ ಕಥೆಯಲ್ಲಿ ಸಂಬಂಧ ಇಲ್ಲ. ಇದನ್ನು ಓದಿ ಅಮ್ಮನ ಇನ್‌ಹೇಲರ್ ಯಾರೂ ನಿಲ್ಲಿಸಬೇಡಿ, ದಯವಿಟ್ಟು.

ವೈದ್ಯರ ಹತ್ತಿರ ಹೋದಾಗ ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ಏನು ಚುಚ್ಚಿಕೊಂಡೆ, ಯಾವಾಗಿನಿಂದ, ಕೊನೆಯ ಸಲ ಯಾವತ್ತು, ಸೂಜಿ ಯಾರ ಜೊತೆಗಾದರೂ ಹಂಚಿಕೊಂಡಿದ್ದಾ, ಇಷ್ಟನ್ನೂ ಹೇಳಿ. ಮನೆಯವರ ಮುಂದೆ ಹೇಳಲು ಆಗದಿದ್ದರೆ ಅವರನ್ನು ಎರಡು ನಿಮಿಷ ಹೊರಗೆ ಕಳಿಸಿ ಅಂತ ವೈದ್ಯರನ್ನೇ ಕೇಳಿ, ಕಳಿಸುತ್ತಾರೆ.