ನೂರು ರೂಪಾಯಿಯಲ್ಲಿ ಕೈಗೆ ಸಿಗುವುದೆಷ್ಟು?

ಮಂಗಳೂರು, ಉಡುಪಿಯಲ್ಲಿ ಆಪ್ ಮಾಡುವವರ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಹೆಚ್ಚಿನವರು ಕೇಳುವುದು ಒಂದೇ: "ಸರ್, ಪ್ಲೇ ಸ್ಟೋರ್ ಕಮಿಷನ್ ಜಾಸ್ತಿ ಆಯ್ತು. ನಮ್ಮದೇ ಗೇಟ್‌ವೇ ಹಾಕಿದರೆ ಉಳಿಯುತ್ತದೆ ಅಲ್ವಾ?"

ಗೇಟ್‌ವೇ ಅಂದರೆ ಗ್ರಾಹಕರ ಹಣವನ್ನು ಆನ್‌ಲೈನ್‌ನಲ್ಲಿ ಪಡೆದು ನಮ್ಮ ಖಾತೆಗೆ ಹಾಕುವ ವ್ಯವಸ್ಥೆ. ಉಳಿಯುತ್ತದೆ. ಎಷ್ಟು ಅಂತ ನೋಡೋಣ. ಯಕ್ಷಗಾನದ ಹೆಜ್ಜೆ ಕಲಿಸುವ ಆಪ್ ಇದೆ ಎಂದಿಟ್ಟುಕೊಳ್ಳಿ. ವಿಡಿಯೊ ಪಾಠಕ್ಕೆ ತಿಂಗಳಿಗೆ 100 ರೂಪಾಯಿ. ಕಮಿಷನ್ ಶೇ 30 ಎಂದು ಎಲ್ಲರೂ ಹೇಳುತ್ತಾರೆ. ಆದರೆ 2022ರ ಜನವರಿಯಲ್ಲೇ ಗೂಗಲ್ ಚಂದಾಗಳಿಗೆ ಅದನ್ನು ಶೇ 15ಕ್ಕೆ ಇಳಿಸಿತು. ಹೋಗುವುದು 15 ರೂಪಾಯಿ.

ಆಪ್‌ಗಳು ತನ್ನ ಬಿಲ್ಲಿಂಗ್ ಅನ್ನೇ ಬಳಸಬೇಕೆಂದು ಕಡ್ಡಾಯ ಮಾಡಿದ್ದಕ್ಕೆ ಭಾರತದ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 936.44 ಕೋಟಿ ರೂಪಾಯಿ ದಂಡ ಹಾಕಿತು. ಆಮೇಲೆ ಇಲ್ಲಿ ಎಲ್ಲ ಆಪ್‌ಗಳಿಗೂ ಬದಲಿ ಬಿಲ್ಲಿಂಗ್ ಬಂತು, ಅಂದರೆ ಗೂಗಲ್‌ನದರ ಜೊತೆಗೆ ನಮ್ಮದೇ ಗೇಟ್‌ವೇ ಇಡುವ ಅವಕಾಶ. ಆದರೆ ಅದರಲ್ಲಿ ಕಮಿಷನ್ ಇಳಿದದ್ದು ಬರೀ 4 ರೂಪಾಯಿ. ಗೂಗಲ್‌ಗೆ 11 ಕೊಡಲೇಬೇಕು. ಕಾರ್ಡ್ ಪಾವತಿಗೆ ಗೇಟ್‌ವೇ ಶುಲ್ಕ ಶೇ 2 ಎಂದು ಹಿಡಿಯಿರಿ. ಅದರ ಮೇಲೆ ಜಿಎಸ್‌ಟಿ 36 ಪೈಸೆ. ಒಟ್ಟು 13 ರೂಪಾಯಿ 36 ಪೈಸೆ. ಮೊದಲಿನ 15 ರೂಪಾಯಿಗೆ ಹೋಲಿಸಿದರೆ ಉಳಿದದ್ದು 1 ರೂಪಾಯಿ 64 ಪೈಸೆ!

ಸಾವಿರ ಜನರೂ ನಿಮ್ಮ ಗೇಟ್‌ವೇಯಲ್ಲೇ ಕಟ್ಟಿದರೆ ತಿಂಗಳಿಗೆ 1,640 ರೂಪಾಯಿ. ಅದಕ್ಕಾಗಿ ರಿಫಂಡ್, ಗೂಗಲ್‌ಗೆ ವಹಿವಾಟಿನ ವರದಿ, "ದುಡ್ಡು ಕಟ್ ಆಯ್ತು, ಪಾಠ ಓಪನ್ ಆಗ್ತಿಲ್ಲ" ಎನ್ನುವ ಫೋನು, ಎಲ್ಲ ನಿಮ್ಮ ತಲೆಗೆ. ಯುಪಿಐಯಲ್ಲಿ ಗೇಟ್‌ವೇ ಖರ್ಚು ಕಡಿಮೆ ಆಗಬಹುದು, ಆ 11 ಮಾತ್ರ ತಪ್ಪುವುದಿಲ್ಲ. ಹಣ ತಾನು ವಸೂಲಿ ಮಾಡದೆಯೂ ಇಷ್ಟು ತೆಗೆದುಕೊಳ್ಳುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಹಾಗಂತ ಸುಮ್ನೆ ನಿಯಮ ಮುರಿಯಲು ಹೋಗಬೇಡಿ. 2024ರ ಮಾರ್ಚ್‌ನಲ್ಲಿ ಇದೇ ಶುಲ್ಕದ ಜಗಳಕ್ಕೆ ಭಾರತ್ ಮ್ಯಾಟ್ರಿಮೊನಿಯಂಥ ದೊಡ್ಡ ಆಪ್ ಕೂಡ ಪ್ಲೇ ಸ್ಟೋರ್‌ನಿಂದ ಹೊರಬಿದ್ದಿತ್ತು. ಸರ್ಕಾರ ಮಧ್ಯೆ ಬಂದ ಮೇಲೆ ವಾಪಸ್ ಬಂತು. ನಿಮ್ಮ ಪರವಾಗಿ ಯಾರು ಬರುತ್ತಾರೆ?

ನಾನು ಮೊದಲು ಕೇಳುವುದು ಬೇರೆ: ನೀವು ಮಾರುವುದೇನು? ಮಲ್ಪೆಯ ಮೀನು, ಮಟ್ಟುಗುಳ್ಳ ಮನೆಗೆ ತಲುಪಿಸುವ ಆಪ್ ಆದರೆ ಆ ಮಾರಾಟಕ್ಕೆ ಸ್ಟೋರ್ ಕಮಿಷನ್ನೇ ಇಲ್ಲ. ಅಲ್ಲಿ ಸ್ಟೋರಿನ ಬಿಲ್ಲಿಂಗ್ ಬಳಸುವ ಹಾಗೆಯೇ ಇಲ್ಲ. ಆಪಲ್‌ನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಗುರುಗಳು ಒಬ್ಬ ಶಿಷ್ಯನಿಗೆ ಮಾತ್ರ ಲೈವ್ ಪಾಠ ಮಾಡಿದರೆ ಹಣವನ್ನು ಬೇರೆ ದಾರಿಯಲ್ಲಿ ಪಡೆಯಬಹುದು. ಅದೇ ಪಾಠಕ್ಕೆ ಹತ್ತು ಮಕ್ಕಳು ಸೇರಿದರೆ ಆಪಲ್‌ನ ಬಿಲ್ಲಿಂಗ್ ಬೇಕೇ ಬೇಕು.

ಹಾಗಾಗಿ ಗೇಟ್‌ವೇ ಕಂಪನಿಗೆ ಫೋನ್ ಮಾಡುವ ಮೊದಲು ಒಂದು ಪಟ್ಟಿ ಮಾಡಿ: ಒಬ್ಬೊಬ್ಬರ ಕ್ಲಾಸ್ ಎಷ್ಟು, ಗುಂಪಿನದು ಎಷ್ಟು, ರೆಕಾರ್ಡಿಂಗ್ ಎಷ್ಟು, ಗೆಜ್ಜೆ ಮಾರಾಟ ಎಷ್ಟು. ಪ್ರತಿಯೊಂದಕ್ಕೂ ಬೇರೆ ಬೇರೆ ಲೆಕ್ಕ ಹಾಕಬೇಕು.