ಚೀಟಿ ಬರೆದುಕೊಟ್ಟರೆ ವೈದ್ಯರ ಕೆಲಸ ಮುಗಿಯಿತೇ? ಎಂಡೋಸಲ್ಫಾನ್ ಎಬ್ಬಿಸಿದ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿಗೆ ಸೇರಿದ ಪಡ್ರೆಯಲ್ಲಿ ವಾಣಿನಗರ ಎಂಬ ಸಣ್ಣ ಪೇಟೆ ಇದೆ. ಡಾ. ವೈ.ಎಸ್. ಮೋಹನ ಕುಮಾರ್ 1980ರ ದಶಕದಲ್ಲಿ ಅಲ್ಲಿ ವೈದ್ಯವೃತ್ತಿ ಶುರುಮಾಡಿದರು. ಹಳ್ಳಿಯ ಡಾಕ್ಟರರಲ್ಲಿಗೆ ಸಾಮಾನ್ಯವಾಗಿ ಬರುವುದು ಜ್ವರ, ಕೆಮ್ಮು, ಹೊಟ್ಟೆನೋವು. ಇವರಲ್ಲಿಗೆ ಅದರ ಜೊತೆಗೆ ಅಪಸ್ಮಾರದವರು, ಬುದ್ಧಿ ಬೆಳೆಯದ ಮಕ್ಕಳು, ಹುಟ್ಟಿನಿಂದಲೇ ಕೈಕಾಲು ಸರಿಯಿಲ್ಲದವರು, ಮಾನಸಿಕ ಕಾಯಿಲೆಯವರು, ಕ್ಯಾನ್ಸರ್ ರೋಗಿಗಳು ಒಬ್ಬರ ಹಿಂದೊಬ್ಬರು ಬಂದರು. ಬಂದವರಲ್ಲಿ ತುಂಬ ಜನ ಒಂದೇ ತೋಡಿನ ಆಚೀಚೆಯ ಮನೆಗಳವರು.

ಒಂದೊಂದು ರೋಗಿಯನ್ನೂ ಬಿಡಿಬಿಡಿಯಾಗಿ ನೋಡಿದರೆ ಇದರಲ್ಲಿ ಹೊಸತೇನೂ ಕಾಣದು. ಅಪಸ್ಮಾರಕ್ಕೆ ಮಾತ್ರೆ ಇದೆ, ಕ್ಯಾನ್ಸರಿಗೆ ಮಂಗಳೂರು ಇದೆ. ಆದರೆ ರೋಗಿಗಳ ಮನೆಗಳನ್ನು ನಕ್ಷೆಯಲ್ಲಿ ಗುರುತು ಹಾಕಿ ನೋಡುವ ವೈದ್ಯರಿಗೆ ಬೇರೆಯೇ ಪ್ರಶ್ನೆ ಏಳುತ್ತದೆ. ರಕ್ತಸಂಬಂಧದ ಮದುವೆ ಕಾರಣವೇ? ನೀರಿನಲ್ಲಿ ಏನಾದರೂ ಇದೆಯೇ? ಇಷ್ಟಕ್ಕೂ ಇದನ್ನೆಲ್ಲ ಕೇಳುವುದು ತನ್ನ ಕೆಲಸವೇ?

ಪಡ್ರೆಯ ಗುಡ್ಡಗಳ ಮೇಲೆ ಸರಕಾರಿ ಸಂಸ್ಥೆಯಾದ ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು ತೋಟ. ಜಿಲ್ಲೆಯ ಹನ್ನೊಂದು ಪಂಚಾಯತುಗಳಲ್ಲಿ ಹರಡಿದ್ದ ಸುಮಾರು 4,600 ಹೆಕ್ಟೇರ್ ತೋಟಕ್ಕೆ, ಟೀ ಸೊಳ್ಳೆ ಎಂಬ ಕೀಟದ ಕಾಟ ತಪ್ಪಿಸಲೆಂದು, ಎಪ್ಪತ್ತರ ದಶಕದ ಉತ್ತರಾರ್ಧದಿಂದ 2000ದ ಕೊನೆಯವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಗುಡ್ಡದ ತಲೆಯಲ್ಲಿ ತೋಟ, ಬುಡದಲ್ಲಿ ಮನೆ. ಕುಡಿಯುವ ನೀರು ಸುರಂಗ (ನೀರಿಗಾಗಿ ಗುಡ್ಡ ಕೊರೆದು ಮಾಡಿದ್ದು), ಕೆರೆ, ತೋಡುಗಳದ್ದು, ಎಲ್ಲವೂ ತೆರೆದಿರುವವೇ. ಮಳೆ ಬಂದರೆ ಗುಡ್ಡದ ಮೇಲಿನದ್ದೆಲ್ಲ ಎಲ್ಲಿಗೆ ಇಳಿಯುತ್ತದೆ ಎಂದು ಅಲ್ಲಿನ ಯಾವ ಕೃಷಿಕರನ್ನು ಕೇಳಿದರೂ ಹೇಳುತ್ತಿದ್ದರು. ಊರವರಿಗೆ ಅನುಮಾನ ಬಂದದ್ದೂ ವೈದ್ಯರಿಗಿಂತ ಮೊದಲೇ. ಜೇನ್ನೊಣ ಸಾಯುವುದು, ಕರುಗಳು ವಿಕಾರವಾಗಿ ಹುಟ್ಟುವುದನ್ನು ಅವರು ನೋಡಿದ್ದರು, ಕೃಷಿ ಪತ್ರಕರ್ತ ಶ್ರೀಪಡ್ರೆ ಅದನ್ನು ಬರೆದೂ ಇದ್ದರು.

ತೊಂಬತ್ತರ ದಶಕದ ಉತ್ತರಾರ್ಧದಲ್ಲಿ ಮೋಹನ ಕುಮಾರ್ ಕೇರಳದ ವೈದ್ಯಕೀಯ ಪತ್ರಿಕೆಗೆ ಬರೆದು, ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟೊಂದು ಕಾಯಿಲೆ ಏಕೆಂದು ಯಾರಾದರೂ ಬಂದು ಅಧ್ಯಯನ ಮಾಡಬೇಕೆಂದು ವೃತ್ತಿಬಾಂಧವರನ್ನು ಕೇಳಿಕೊಂಡರು. ನನ್ನ ಮಟ್ಟಿಗೆ ಈ ಇಡೀ ಇತಿಹಾಸದಲ್ಲಿ ವೃತ್ತಿಧರ್ಮದ ದೃಷ್ಟಿಯಿಂದ ಅತ್ಯಂತ ಮುಖ್ಯವಾದ ಹೆಜ್ಜೆ ಇದು. ಅವರ ಕೈಯಲ್ಲಿ ಪುರಾವೆ ಇರಲಿಲ್ಲ, ಪ್ರಯೋಗಾಲಯ ಇರಲಿಲ್ಲ. ಪುರಾವೆ ಇಲ್ಲದೆ ಮಾತಾಡಿದರೆ ಜನ ಹೆದರುತ್ತಾರೆ, ಊರಿಗೆ ಹೆಸರು ಕೆಡುತ್ತದೆ, ಹೆಣ್ಣು ಕೊಡುವವರು ತರುವವರು ಹಿಂಜರಿಯುತ್ತಾರೆ. ಪುರಾವೆ ಸಿಗಲಿ ಎಂದು ಕಾದರೆ ಮರುವರ್ಷ ಮತ್ತೆ ಹೆಲಿಕಾಪ್ಟರ್ ಬರುತ್ತದೆ. ಅವರು ತೀರ್ಪು ಕೊಡಲು ಹೋಗಲಿಲ್ಲ. ಕಂಡದ್ದನ್ನು ಕಂಡಷ್ಟೇ ಹೇಳಿ, ತಿಳಿದವರು ಬನ್ನಿ ಎಂದರು.

ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡತೆಯ ನಿಯಮಗಳು ಬಂದದ್ದು ಇದಾದ ಮೇಲೆ. ವೈದ್ಯರು ಒಳ್ಳೆಯ ನಾಗರಿಕರಾಗಿ ಸಾರ್ವಜನಿಕ ಆರೋಗ್ಯದ ವಿಷಯದಲ್ಲಿ ತಿಳಿವಳಿಕೆ ಹಂಚಬೇಕು ಎಂದು ಅದರಲ್ಲಿದೆ. ಸ್ವಂತ ಪ್ರಚಾರಕ್ಕೆ ಪತ್ರಿಕೆಗಳಲ್ಲಿ ಬರೆಯುವಂತಿಲ್ಲ, ಆದರೆ ಸಾರ್ವಜನಿಕ ಆರೋಗ್ಯದ ಬಗ್ಗೆ ತಮ್ಮ ಹೆಸರಿನಲ್ಲೇ ಬರೆಯಬಹುದು ಎಂದೂ ಇದೆ. ರೋಗಿಯ ಗುಟ್ಟನ್ನು ಹೊರಗೆ ಬಿಡಬಾರದು, ಆದರೆ ನಿರ್ದಿಷ್ಟ ವ್ಯಕ್ತಿಗೋ ಸಮುದಾಯಕ್ಕೋ ಗಂಭೀರ ಅಪಾಯವಿದ್ದರೆ ಅದಕ್ಕೆ ವಿನಾಯಿತಿ ಇದೆ.

ಈ ಗುಟ್ಟಿನ ವಿಷಯದಲ್ಲೇ ಕಾಸರಗೋಡಿಗೆ ದೊಡ್ಡ ನೋವಾಯಿತು. ತಲೆ ಊದಿದ, ಕೈಕಾಲು ತಿರುಚಿದ ಮಕ್ಕಳ ಚಿತ್ರಗಳು ಪತ್ರಿಕೆ, ಟಿ.ವಿ., ಸಮ್ಮೇಳನಗಳ ಪರದೆಗಳಲ್ಲೆಲ್ಲ ಓಡಾಡಿದವು. ಆ ಚಿತ್ರಗಳು ಇಲ್ಲದಿದ್ದರೆ ದೇಶ ಇತ್ತ ತಿರುಗಿ ನೋಡುತ್ತಿತ್ತೆಂದು ನನಗನಿಸುವುದಿಲ್ಲ. ಆದರೆ ಆ ಮಗುವನ್ನು ಯಾರೂ ಒಪ್ಪಿಗೆ ಕೇಳಲು ಸಾಧ್ಯವಿರಲಿಲ್ಲ. ಸಹಾಯ ಸಿಕ್ಕೀತೆಂಬ ಆಸೆಯಲ್ಲಿ ತಾಯಿ ಕೊಟ್ಟ ಒಪ್ಪಿಗೆ ಎಷ್ಟು ಸ್ವತಂತ್ರವಾದದ್ದು? ವರ್ಷವರ್ಷವೂ ಹೊಸ ತಂಡ, ಹೊಸ ಕ್ಯಾಮೆರಾ, ಮತ್ತೆ ಅದೇ ಪ್ರಶ್ನೆ. ರೋಗಿಯ ಮಾನ ಕಾಯುವುದು ಪತ್ರಕರ್ತರ ಹೊಣೆಯೂ ಹೌದು, ಅವರನ್ನು ಮನೆಬಾಗಿಲಿಗೆ ಕರೆತಂದವರ ಹೊಣೆಯೂ ಹೌದು.

2001ರಿಂದ ಮುಂದೆ ಅಧ್ಯಯನಗಳ ಸಾಲು. ದೆಹಲಿಯ ಸೆಂಟರ್ ಫಾರ್ ಸೈನ್ಸ್ ಆ್ಯಂಡ್ ಎನ್‌ವಿರಾನ್‌ಮೆಂಟ್ ಪಡ್ರೆಯ ನೀರು, ಮಣ್ಣು, ಮನುಷ್ಯರ ರಕ್ತದಲ್ಲಿ ಎಂಡೋಸಲ್ಫಾನ್ ಅಂಶ ಕಂಡಿತು. ಕಾರ್ಪೊರೇಷನ್ ಮಾಡಿಸಿದ ಪರೀಕ್ಷೆ ಅದಕ್ಕೆ ವಿರುದ್ಧವಾಗಿ ಬಂತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ ಮಕ್ಕಳನ್ನು ಮದ್ದು ಬೀಳದ ಮೀಂಜದ ಮಕ್ಕಳೊಂದಿಗೆ ಹೋಲಿಸಿತು. 117 ಹುಡುಗರನ್ನು 90 ಹುಡುಗರೊಂದಿಗೆ ಹೋಲಿಸಿದ ಅದರ ಲೇಖನ 2003ರಲ್ಲಿ ಪ್ರಕಟವಾಗಿ, ಪಡ್ರೆಯ ಹುಡುಗರು ಪ್ರಾಯಕ್ಕೆ ಬರುವುದು ತಡವಾಗಿರಬಹುದೆಂದಿತು. ಕೇಂದ್ರ ಸರಕಾರದ ಡುಬೆ ಸಮಿತಿಯಾದರೋ ಕಾಯಿಲೆಗಳಿಗೂ ಎಂಡೋಸಲ್ಫಾನಿಗೂ ಸಂಬಂಧ ಸಾಬೀತಾಗಿಲ್ಲ ಎಂದಿತು. ಸಂಬಂಧವನ್ನು ಒಪ್ಪದ ಕೃಷಿ ವಿಜ್ಞಾನಿಗಳು ಇಂದಿಗೂ ಇದ್ದಾರೆ. 2011ರ ಏಪ್ರಿಲಿನಲ್ಲಿ ಬಹುಕಾಲ ಉಳಿಯುವ ವಿಷರಾಸಾಯನಿಕಗಳ ಕುರಿತ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮೇ 13ರಂದು ಸುಪ್ರೀಂ ಕೋರ್ಟ್ ಭಾರತದಲ್ಲಿ ಅದರ ಉತ್ಪಾದನೆ, ಮಾರಾಟ, ಬಳಕೆಯನ್ನು ತಡೆಯಿತು.

ವಿಷ ನಿಂತಿತು. ವೈದ್ಯರಿಗೆ ನಿಜವಾದ ಸಂಕಟ ಶುರುವಾದದ್ದು ಆಮೇಲೆ.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2010ರ ಡಿಸೆಂಬರಿನಲ್ಲಿ, ಸತ್ತವರ ಕುಟುಂಬಕ್ಕೂ ಹಾಸಿಗೆ ಹಿಡಿದವರಿಗೂ ಬುದ್ಧಿಮಾಂದ್ಯರಿಗೂ 5 ಲಕ್ಷ, ಬೇರೆ ವೈಕಲ್ಯ ಇರುವವರಿಗೆ 3 ಲಕ್ಷ ರೂಪಾಯಿ ಕೊಡಬೇಕೆಂದಿತ್ತು. ಹಣ ಕೊಡಬೇಕಾದರೆ ಪಟ್ಟಿ ಬೇಕು, ಪಟ್ಟಿಗೆ ವೈದ್ಯರ ಸಹಿ ಬೇಕು. ವಿಶೇಷ ವೈದ್ಯಕೀಯ ಶಿಬಿರಗಳಲ್ಲಿ ಕೂತ ವೈದ್ಯರಿಗೆ ಒಬ್ಬೊಬ್ಬ ರೋಗಿಯನ್ನೂ ನೋಡಿ ಇವರು ಸಂತ್ರಸ್ತರು, ಇವರು ಅಲ್ಲ ಎನ್ನುವ ಕೆಲಸ ಬಂತು. ಇದು ವೈದ್ಯಶಾಸ್ತ್ರ ಹೇಳಲಾಗದ ಮಾತು. ಒಂದು ಊರಿನಲ್ಲಿ ಕಾಯಿಲೆ ಹೆಚ್ಚಿದೆಯೇ ಎಂದು ಲೆಕ್ಕ ಹಾಕಿ ಹೇಳಬಹುದು. ಎದುರಿಗೆ ಕೂತ ಈ ಹುಡುಗನ ಅಪಸ್ಮಾರ ವಿಷದಿಂದ ಬಂದದ್ದೇ, ಹೆರಿಗೆಯಲ್ಲಿ ಉಸಿರು ಕಟ್ಟಿದ್ದರಿಂದ ಬಂದದ್ದೇ ಎಂದು ಬೇರ್ಪಡಿಸಿ ತೋರಿಸುವ ಪರೀಕ್ಷೆ ಇಲ್ಲ. ಮದ್ದು ನಿಂತು ವರ್ಷಗಳಾದ ಮೇಲೆ ರಕ್ತದಲ್ಲೂ ಅದರ ಗುರುತು ಉಳಿಯುವುದಿಲ್ಲ. ಸುಳ್ಳು ಸರ್ಟಿಫಿಕೇಟ್ ಬರೆದರೆ ವೈದ್ಯರ ಪಟ್ಟಿಯಿಂದಲೇ ಹೆಸರು ತೆಗೆಯಬಹುದೆಂದು ಅದೇ 2002ರ ನಿಯಮ ಹೇಳುತ್ತದೆ. ಹೌದೆಂದು ಬರೆದರೆ ಆತ್ಮಸಾಕ್ಷಿಗೆ ಪುರಾವೆ ಸಾಲದು, ಇಲ್ಲವೆಂದು ಬರೆದರೆ ಒಂದು ಮನೆಯ ಪಿಂಚಣಿ, ಔಷಧ, ಚಿಕಿತ್ಸೆಯ ದಾರಿ ಮುಚ್ಚುತ್ತದೆ.

ಭಾಷೆಯ ತೊಡಕೂ ಸಣ್ಣದಲ್ಲ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯ ಮನೆಗಳಲ್ಲಿ ಕನ್ನಡ, ತುಳು, ಮರಾಠಿ ಮಾತಾಡುತ್ತಾರೆ. ತೆಂಕಣ ಜಿಲ್ಲೆಗಳಿಂದ ಬರುವ ತಜ್ಞರದ್ದು ಮಲಯಾಳ. ಬಸುರಿಯಾಗಿದ್ದಾಗ ಯಾವ ತೋಡಿನ ನೀರು ಕುಡಿದೆ, ಮಗು ಯಾವಾಗ ಕುತ್ತಿಗೆ ನಿಲ್ಲಿಸಿತು, ಮೊದಲ ಸಲ ಯಾವಾಗ ಸೆಟೆದುಕೊಂಡಿತು ಎಂಬುದನ್ನು ತಾಯಿ ತನ್ನ ಮಾತಿನಲ್ಲಿ ಹೇಳಿದರೆ ಮಾತ್ರ ಅರ್ಥವಾಗುತ್ತದೆ. ನಡುವೆ ಒಬ್ಬರು ನಿಂತು ಎರಡು ವಾಕ್ಯದಲ್ಲಿ ಮುಗಿಸಿದರೆ ಫೈಲಿಗೆ ಸೇರುವುದು ಅರ್ಧ ಕಥೆ. ಆ ಅರ್ಧದ ಮೇಲೆಯೇ ಪಟ್ಟಿ ನಿಲ್ಲುತ್ತದೆ.

2017ರ ಜನವರಿ 10ರಂದು ಸುಪ್ರೀಂ ಕೋರ್ಟ್ ಮೂರು ತಿಂಗಳೊಳಗೆ 5 ಲಕ್ಷ ರೂಪಾಯಿ ಕೊಡಲು ಕೇರಳ ಸರಕಾರಕ್ಕೆ ಹೇಳಿತು. ಜೀವನಪರ್ಯಂತದ ಚಿಕಿತ್ಸೆಯ ವ್ಯವಸ್ಥೆಯ ಬಗ್ಗೆಯೂ ಹೇಳಿತು. ಐದು ವರ್ಷ ಕಳೆದು 2022ರ ಮೇ ತಿಂಗಳಲ್ಲಿ ನೋಡಿದರೆ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು 8 ಮಂದಿಗೆ, ನ್ಯಾಯಾಲಯದ ಮೆಟ್ಟಿಲು ಹತ್ತಿದವರಿಗೆ ಮಾತ್ರ. ನ್ಯಾಯಪೀಠ ಅಂದು ಸರಕಾರವನ್ನು ಖಾರವಾಗಿಯೇ ತರಾಟೆಗೆ ತೆಗೆದುಕೊಂಡಿತು.

ಕಾರಣ ಸಾಬೀತಾದರಷ್ಟೇ ಆರೈಕೆ ಎಂಬ ಪದ್ಧತಿಯೇ ತಪ್ಪೆಂದು ನಾನು ದೃಢವಾಗಿ ನಂಬಿದ್ದೇನೆ. ಪರಿಹಾರ ಕೊಡುವುದು ಸರಕಾರ ಮತ್ತು ನ್ಯಾಯಾಲಯಗಳ ವಿಷಯ. ಅದಕ್ಕೆ ಊರು, ಕಾಲ, ತೋಟದಿಂದ ಮನೆಗಿರುವ ದೂರ ನೋಡಿ ನಿಯಮ ಮಾಡಬಹುದು. ಹಾಸಿಗೆ ಹಿಡಿದವರಿಗೆ ಫಿಸಿಯೋಥೆರಪಿ, ಅಪಸ್ಮಾರದ ಮಾತ್ರೆ, ನೋವು ತಗ್ಗಿಸುವ ಆರೈಕೆ ಕೊಡಲು ಅವರಿಗೆ ಅದು ಬೇಕೆಂಬುದೇ ಸಾಕು. ಗಡಿಯಾಚೆ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಕಡೆಯಲ್ಲೂ ಗೇರು ತೋಟಕ್ಕೆ ಇದೇ ಮದ್ದು ಬಿದ್ದಿತ್ತು. ಅಲ್ಲಿನ ಪಟ್ಟಿ ಬೇರೆ, ಪಿಂಚಣಿ ಬೇರೆ, ಸರಕಾರ ಬೇರೆ. ಕಾಯಿಲೆ ಮಾತ್ರ ಒಂದೇ.

ಎಂಬತ್ತರ, ತೊಂಬತ್ತರ ದಶಕದಲ್ಲಿ ಹುಟ್ಟಿದ ಆ ಮಕ್ಕಳಿಗೆ ಈಗ ಮೂವತ್ತು, ನಲವತ್ತು ವರ್ಷ. ಎತ್ತಿ ಸ್ನಾನ ಮಾಡಿಸುತ್ತಿದ್ದ ಅಪ್ಪ ಅಮ್ಮನಿಗೇ ಈಗ ಎತ್ತುವ ಶಕ್ತಿ ಇಲ್ಲ. ವೈದ್ಯರ ಮುಂದೆ ಈಗಿರುವುದು ಹೊಸ ಪ್ರಶ್ನೆ: ಮಾತು ಬಾರದ, ಪ್ರಾಯಕ್ಕೆ ಬಂದ ವ್ಯಕ್ತಿಗೆ ಶಸ್ತ್ರಚಿಕಿತ್ಸೆ ಬೇಕಾದರೆ ಒಪ್ಪಿಗೆಗೆ ಸಹಿ ಹಾಕುವವರು ಯಾರು? ಹದಿನೆಂಟು ತುಂಬಿದ ಮೇಲೆ ತಾಯ್ತಂದೆಯ ಸಹಿ ತಾನಾಗಿ ಸಾಲದು. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯಿದೆಯ ಪ್ರಕಾರ ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಆಟಿಸಂ, ಬಹುವಿಧ ವೈಕಲ್ಯ ಇರುವವರಿಗೆ ಜಿಲ್ಲೆಯ ಸ್ಥಳೀಯ ಸಮಿತಿ ಕಾನೂನುಬದ್ಧ ಪೋಷಕರನ್ನು (ಗಾರ್ಡಿಯನ್) ನೇಮಿಸಬೇಕು. ಹೆತ್ತವರು ಬದುಕಿರುವಾಗಲೇ ಅರ್ಜಿ ಹಾಕಿ, ಆಮೇಲೆ ನೋಡಿಕೊಳ್ಳುವ ಅಣ್ಣನೋ ತಂಗಿಯೋ ಯಾರೆಂದು ಬರೆಸಿಡುವುದು ಒಳ್ಳೆಯದು. ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೆ ಬಂದಾಗ, ಔಷಧದ ಜೊತೆಗೆ ಈ ಅರ್ಜಿಯ ವಿಚಾರವನ್ನೂ ಕೇಳಿಕೊಳ್ಳಬಹುದು.