ಜ್ಯೋತಿರ್ವರ್ಷವೂ ಕಾರಿನ ವರ್ಷವೂ

ಜ್ಯೋತಿರ್ವರ್ಷ ಎಂಬ ಪದದ ಕೊನೆಯಲ್ಲಿ ‘ವರ್ಷ’ ಇರುವುದರಿಂದ ಅದನ್ನು ಕಾಲದ ಅಳತೆಯೆಂದು ತಿಳಿಯುವವರು ಬಹಳ ಮಂದಿ. ಅದು ದೂರದ ಅಳತೆ. ಬೆಳಕು ನಿರ್ವಾತದಲ್ಲಿ ಒಂದು ವರ್ಷ ಸಾಗಿದರೆ ಕ್ರಮಿಸುವ ದಾರಿ. ಮುಂಬಯಿಯಲ್ಲಿರುವ ನಮಗೆ ಈ ಬಗೆಯ ಮಾತು ಹೊಸದಲ್ಲ. ಡೊಂಬಿವಲಿಯ ಮನೆಯಿಂದ ಫೋರ್ಟಿನ ಕಚೇರಿ ಎಷ್ಟು ದೂರವೆಂದು ಕೇಳಿದರೆ ಕಿಲೋಮೀಟರ್ ಹೇಳುವವರು ಅಪರೂಪ. ‘ಫಾಸ್ಟ್ ಲೋಕಲ್ ರೈಲು ಸಿಕ್ಕರೆ ಒಂದೂಕಾಲು ಗಂಟೆ’ ಎಂಬುದೇ ಉತ್ತರ. ಊರಿನ ಹಿರಿಯರು ‘ಅರ್ಧ ದಿನದ ದಾರಿ’ ಎನ್ನುತ್ತಿದ್ದುದೂ ಇದೇ ಲೆಕ್ಕದಲ್ಲಿ.

ಆದರೆ ವೇಗ ಬದಲಾದರೆ ಈ ಲೆಕ್ಕ ಕೆಡುತ್ತದೆ. ಸ್ಲೋ ಲೋಕಲ್ ಹತ್ತಿದವನಿಗೆ ಅದೇ ಕಚೇರಿ ಇನ್ನಷ್ಟು ದೂರವಾಗುತ್ತದೆ. ಹಳಿಯ ಮೇಲೆ ಮಳೆನೀರು ನಿಂತ ದಿನದ ಮಾತಂತೂ ಬೇಡ. ನಿರ್ವಾತದಲ್ಲಿ ಬೆಳಕಿನ ವೇಗ ಹಾಗಲ್ಲ, ಅದು ಯಾವಾಗಲೂ ಸೆಕೆಂಡಿಗೆ 2,99,792.458 ಕಿ.ಮೀ. 1983ರಿಂದ ಮೀಟರಿನ ವ್ಯಾಖ್ಯೆಯೇ ಈ ವೇಗವನ್ನು ಆಧರಿಸಿರುವುದರಿಂದ ಈ ಸಂಖ್ಯೆಯನ್ನು ಅಂದಾಜೆಂದು ಬರೆಯಬಾರದು. 365.25 ದಿನಗಳ ವರ್ಷದಲ್ಲಿ 3,15,57,600 ಸೆಕೆಂಡುಗಳಿವೆ. ಎರಡನ್ನೂ ಗುಣಿಸಿದರೆ ಸುಮಾರು 9.46 ಲಕ್ಷ ಕೋಟಿ ಕಿ.ಮೀ. ಬರುತ್ತದೆ. ಇದೇ ಒಂದು ಜ್ಯೋತಿರ್ವರ್ಷ.

ಇದೇ ಅಚ್ಚಿನಲ್ಲಿ ‘ಕಾರಿನ ವರ್ಷ’ ಎಂಬ ಅಳತೆಯನ್ನೂ ಮಾಡಿಕೊಳ್ಳಬಹುದು. (ಇದನ್ನು ವಾರ್ಷಿಕ ಮೈಲೇಜ್ ಎಂದರೆ ಗೊಂದಲವಾಗುತ್ತದೆ, ನಮ್ಮ ಮಾತಿನಲ್ಲಿ ಮೈಲೇಜ್ ಎಂದರೆ ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬುದೇ.) ತಿಂಗಳಿಗೆ 1,000 ಕಿ.ಮೀ. ಓಡುವ ಕಾರು ವರ್ಷಕ್ಕೆ 12,000 ಕಿ.ಮೀ. ಓಡುತ್ತದೆ ಎಂದಿಟ್ಟುಕೊಳ್ಳೋಣ. ಚಂದ್ರನವರೆಗಿನ ಸರಾಸರಿ ದೂರವಾದ 3,84,400 ಕಿ.ಮೀ. ಮುಗಿಸಲು ಅದಕ್ಕೆ 32 ವರ್ಷ ಬೇಕು, ಬೆಳಕಿಗೆ ಸುಮಾರು 1.3 ಸೆಕೆಂಡು ಸಾಕು. ಸೂರ್ಯನವರೆಗೆ ಕಾರಿಗೆ ಸುಮಾರು 12,500 ವರ್ಷ, ಬೆಳಕಿಗೆ 8 ನಿಮಿಷ 19 ಸೆಕೆಂಡು. ಒಂದು ಜ್ಯೋತಿರ್ವರ್ಷಕ್ಕೆ ಕಾರು ಸುಮಾರು 79 ಕೋಟಿ ವರ್ಷ ಓಡಬೇಕು.

ಈ ಹೋಲಿಕೆಯಲ್ಲಿ ಕಾರಿಗೆ ಸ್ವಲ್ಪ ಅನ್ಯಾಯವಾಗಿದೆ ಎಂಬುದನ್ನು ಗಮನಿಸಬೇಕು. ಬೆಳಕು ವರ್ಷವಿಡೀ ನಿಲ್ಲದೆ ಸಾಗುತ್ತದೆ. ಕಾರು ದಿನದ ಬಹುಪಾಲು ಸೊಸೈಟಿಯ ಪಾರ್ಕಿಂಗಿನಲ್ಲಿ ನಿಂತಿರುತ್ತದೆ. 12,000 ಕಿ.ಮೀ.ಯನ್ನು ವರ್ಷದ 8,766 ಗಂಟೆಗಳಿಂದ ಭಾಗಿಸಿದರೆ ಗಂಟೆಗೆ 1.4 ಕಿ.ಮೀ. ಮಾತ್ರ, ಅಂದರೆ ನಡಿಗೆಗಿಂತಲೂ ನಿಧಾನ. ಪುಣೆ ಎಕ್ಸ್‌ಪ್ರೆಸ್‌ವೇ ಮೇಲೆ ಓಡುವಂತೆ ಗಂಟೆಗೆ 100 ಕಿ.ಮೀ. ವೇಗದಲ್ಲಿ ಹಗಲಿರುಳೂ ಓಡಿದರೆ 79 ಕೋಟಿ ವರ್ಷದ ಪಯಣ ಸುಮಾರು 1.08 ಕೋಟಿ ವರ್ಷಕ್ಕೆ ಇಳಿಯುತ್ತದೆ. ಆದರೂ ಸೂರ್ಯನನ್ನು ಬಿಟ್ಟರೆ ತೀರ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿ 4.24 ಜ್ಯೋತಿರ್ವರ್ಷ ದೂರದಲ್ಲಿದೆ.

ಇನ್ನು ಅಳೆಯುವ ಬಗೆ. ಓಡೋಮೀಟರ್ ಚಕ್ರದ ಸುತ್ತುಗಳನ್ನು ಎಣಿಸಿ ಸುತ್ತಳತೆಯಿಂದ ಗುಣಿಸುತ್ತದೆ. ಬೇರೆ ಅಳತೆಯ ಟೈರ್ ಹಾಕಿಸಿದರೆ ಅದರ ಲೆಕ್ಕವೂ ತಪ್ಪುತ್ತದೆ. ನಕ್ಷತ್ರದ ದಾರಿಯಲ್ಲಿ ಚಕ್ರ ಉರುಳಿಸುವಂತಿಲ್ಲವಾದ್ದರಿಂದ ಅಲ್ಲಿ ಕೋನವನ್ನು ಅಳೆಯುತ್ತಾರೆ. ಪುಣೆಗೆ ಹೋಗುವ ರೈಲಿನ ಕಿಟಕಿಯಿಂದ ನೋಡುವಾಗ ಹಳಿಯ ಪಕ್ಕದ ಕಂಬ ಸರ್ರನೆ ಹಿಂದೆ ಸರಿಯುತ್ತದೆ, ಮಾಥೇರಾನ್ ಬೆಟ್ಟ ಮೆಲ್ಲಗೆ ಸರಿಯುತ್ತದೆ. ಈ ಸರಿತದ ಹೆಚ್ಚು ಕಡಿಮೆಯೇ ದೂರದ ಸುಳಿವು. ಭೂಮಿ ಆರು ತಿಂಗಳಲ್ಲಿ ತನ್ನ ಕಕ್ಷೆಯ ಎದುರು ಬದಿಗೆ, ಸುಮಾರು 30 ಕೋಟಿ ಕಿ.ಮೀ. ಆಚೆಗೆ, ತಲುಪಿದಾಗ ಹತ್ತಿರದ ನಕ್ಷತ್ರವೂ ಹೀಗೆಯೇ ತುಸು ಸರಿದಂತೆ ಕಾಣುತ್ತದೆ. 1838ರಲ್ಲಿ ಬೆಸೆಲ್ ಎಂಬ ಜರ್ಮನ್ ಖಗೋಳಜ್ಞ ರಾಜಹಂಸ ಪುಂಜದ 61 ಸಿಗ್ನಿ ನಕ್ಷತ್ರದ ಸರಿತವನ್ನು ಅಳೆದು ದೂರವನ್ನು ಪ್ರಕಟಿಸಿದನು. ಭೂಮಿ-ಸೂರ್ಯರ ಅಂತರದ ಲಕ್ಷಾಂತರ ಪಟ್ಟು ಎಂಬ ಆ ಸಂಖ್ಯೆ ಓದುಗರ ಕಲ್ಪನೆಗೆ ನಿಲುಕದೆಂದೋ ಏನೋ, ಬೆಳಕಿಗೆ ಅಲ್ಲಿಂದ ಬರಲು 10.3 ವರ್ಷ ಬೇಕೆಂದೂ ಸೇರಿಸಿದನು. ಇಂದಿನ ಅಳತೆಯಲ್ಲಿ ಅದು 11.4.